ಎತ್ತು ಹುಡುಕುವುದು, ಎತ್ತನ್ನು ಹುಡುಕುವುದು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವ್ಯಾಕರಣದ ತಕರಾರುಗಳದ್ದೇ ಒಂದು ಕಟ್ಟು. ಅದರಲ್ಲೂ ‘ಅನ್ನು’ ಪ್ರತ್ಯಯದ ದೂರು ಮಳೆಗಾಲದ ನೆಗಡಿಯಂತೆ ತಪ್ಪದೆ ಬರುತ್ತದೆ. “ಬಾಡಿಗೆ ಮನೆ ಹುಡುಕುತ್ತಿದ್ದಾರೆ ಎಂದು ಅಚ್ಚು ಹಾಕುತ್ತೀರಿ. ಮನೆ ಅಲ್ಲಿ ಕರ್ಮಪದ. ದ್ವಿತೀಯಾ ವಿಭಕ್ತಿ ಎಲ್ಲಿ ಹೋಯಿತು?” ಎಂಬ ಧಾಟಿಯವೇ ಹೆಚ್ಚು. ಮುತ್ತು ಪೋಣಿಸಿದಂಥ ಕೈಬರಹ ನೋಡಿದರೆ ಬರೆದವರು ನಿವೃತ್ತ ಮೇಷ್ಟ್ರುಗಳು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಪತ್ರಿಕೆಯವರ ಅವಸರ, ಮೊಬೈಲಿನ ಹಾವಳಿ, ಇಂಗ್ಲಿಷ್ ಮೀಡಿಯಂ ಎಲ್ಲದಕ್ಕೂ ಪತ್ರದ ಕೊನೆಯಲ್ಲಿ ಒಂದೊಂದು ಏಟು ಬಿದ್ದಿರುತ್ತದೆ.

ಏಟು ತಿನ್ನಲು ನಾನು ಸಿದ್ಧ, ಆದರೆ ‘ಹುಡುಕು’ ಎಂಬ ಕ್ರಿಯಾಪದದ ವಿಷಯದಲ್ಲಿ ಮಾತ್ರ ಅಲ್ಲ. ಅಲ್ಲಿ ‘ಅನ್ನು’ ಬಿಡುವುದು ಸೋಮಾರಿತನವಲ್ಲ. ತರ್ಕಶಾಸ್ತ್ರದವರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡ ಒಂದು ವ್ಯತ್ಯಾಸವನ್ನು ನಮ್ಮ ರೈತರು ಈ ಪ್ರತ್ಯಯವೊಂದನ್ನು ಇಟ್ಟು ಅಥವಾ ಬಿಟ್ಟು ಹೇಳಿ ಮುಗಿಸುತ್ತಾರೆ.

ಹಾವೇರಿಯ ದನದ ಸಂತೆಗೆ ಹೋದವರನ್ನು ಕೇಳಿ. ಹೆಗಲಿಗೆ ಟವೆಲ್ ಹಾಕಿಕೊಂಡು, ಒಂದೊಂದೇ ಜೋಡಿಯ ಹಲ್ಲು ನೋಡುತ್ತಾ ಹೊರಟವನನ್ನು “ಏನ್ ಕಾಕಾ, ಈ ಕಡೆ?” ಅಂದರೆ “ಎತ್ತು ಹುಡುಕಾಕತ್ತೀನಿ” ಅನ್ನುತ್ತಾನೆ. ಕೊಳ್ಳಲು ಬಂದಿದ್ದಾನೆ ಎಂದು ನಮಗೆ ತಿಳಿಯಿತು. ಅದೇ ಮನುಷ್ಯ ಹೊತ್ತು ಮುಳುಗುವಾಗ ಹೊಲದ ಬದುವಿನ ಮೇಲೆ ಎದುರಾಗಿ “ಎತ್ತನ್ನ ಹುಡುಕಾಕತ್ತೀನಿ” ಅಂದರೆ ಕಣ್ಣಿ ಹರಿದುಕೊಂಡು ಹೋಗಿದೆ ಎಂದೇ ಅರ್ಥ. ನಾವೂ ನಿಂತು ನಾಲ್ಕು ಕಡೆ ಕಣ್ಣು ಹಾಯಿಸುತ್ತೇವೆ. ‘ನಮ್ಮ’ ಅನ್ನಲಿಲ್ಲ, ‘ಕಳೆದುಹೋದ’ ಅನ್ನಲಿಲ್ಲ, ಬಣ್ಣ ಹೇಳಲಿಲ್ಲ. ‘ಅನ್ನ’ ಎಂಬುದಷ್ಟೇ ಸಾಕಾಯಿತು.

ಮೊದಲನೆಯ ಹುಡುಕಾಟದಲ್ಲಿ ಯಾವ ಎತ್ತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಅವನಿಗೂ ಗೊತ್ತಿಲ್ಲ. ಕೈಗೆಟುಕುವ ಬೆಲೆಯ, ಗಾಡಿಗೂ ಕುಂಟೆಗೂ ಬರುವ ಎತ್ತು ಯಾವುದಾದರೂ ನಡೆದೀತು. ಎರಡನೆಯದರಲ್ಲಿ ಇಡೀ ಸಂತೆಯ ಎತ್ತುಗಳನ್ನು ತಂದು ಮುಂದೆ ನಿಲ್ಲಿಸಿದರೂ ಪ್ರಯೋಜನವಿಲ್ಲ, ಅದೊಂದೇ ಬೇಕು. ಇದನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಮೊದಲ ಮಾತಿನ ಹಿಂದೆಯೇ “ಅದರ ಎಡಗೋಡು ಮುರಿದೈತಿ” ಎಂದು ಸೇರಿಸಿ ನೋಡಿ. ಕೇಳುವವನು ತಬ್ಬಿಬ್ಬಾಗುತ್ತಾನೆ: ಯಾವುದರ ಎಡಗೋಡು? ಎರಡನೆಯ ಮಾತಿನ ಹಿಂದೆ ಅದೇ ವಾಕ್ಯ ನೀರು ಕುಡಿದಷ್ಟು ಸಲೀಸಾಗಿ ಇಳಿಯುತ್ತದೆ. ಮನೆಗೂ ಇದನ್ನೇ ಹೂಡಬಹುದು. “ಮನೆ ಹುಡುಕುತ್ತಿದ್ದೇನೆ” ಅಂದವನಿಗೆ ನಾವು ಬಜೆಟ್ ಎಷ್ಟು, ಎಷ್ಟು ಕೋಣೆ ಎಂದು ಕೇಳುತ್ತೇವೆ. “ಮನೆಯನ್ನು ಹುಡುಕುತ್ತಿದ್ದೇನೆ” ಅಂದವನಿಗೆ ಯಾರ ಮನೆ, ಯಾವ ಓಣಿ ಎನ್ನುತ್ತೇವೆ.

ನಮ್ಮ ಗಾದೆಗಳು ಈ ಎರಡು ಹುಡುಕಾಟಗಳನ್ನು ಹಂಚಿಕೊಂಡೇ ಹುಟ್ಟಿದಂತಿವೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳಿಗೆ ಬೇಕಾಗಿದ್ದದ್ದು ಅದೇ ಕೂಸು. ಬೇರೆ ಕೂಸು ಕೊಟ್ಟರೆ ಸುಮ್ಮನಾಗುತ್ತಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನಿಗೆ ಯಾರ ಮನೆಯ ತುಪ್ಪವಾದರೂ ಆಗುತ್ತಿತ್ತು. ಎರಡೂ ಗಾದೆಯನ್ನು ಒಂದೇ ಅರ್ಥಕ್ಕೆ ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೂಸಿನವಳದು ಮರೆವು, ಬೆಣ್ಣೆಯವನದು ದಡ್ಡತನ.

ಯುರೋಪಿನಲ್ಲಿ ಇದು ಪಂಡಿತರ ಹಳೆಯ ಕಗ್ಗಂಟು. 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ ಜಾನ್ ಬುರಿಡಾನ್ “ನಾನು ನಿನಗೆ ಕುದುರೆ ಕೊಡಬೇಕಾಗಿದೆ” ಎಂಬ ಮಾತನ್ನು ಹಿಡಿದು ಜಗ್ಗಾಡಿದ. ಲೋಕದ ಯಾವ ಕುದುರೆಯನ್ನು ತೋರಿಸಿ ಕೇಳಿದರೂ “ಇದನ್ನೇ ಕೊಡಬೇಕೆಂದೇನಿಲ್ಲ” ಎಂದು ಸಾಲಗಾರ ನುಣುಚಿಕೊಳ್ಳಬಹುದಲ್ಲ, ಹಾಗಾದರೆ ಅವನು ಕೊಡಬೇಕಾದ ಕುದುರೆ ಯಾವುದು? ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ 1956ರ ಪ್ರಬಂಧವೊಂದರಲ್ಲಿ ಹಾಯಿದೋಣಿ ಬೇಕೆನ್ನುವವನನ್ನು ಮುಂದೆ ತಂದ. ಒಂದು ನಿರ್ದಿಷ್ಟ ದೋಣಿಯ ಮೇಲೆ ಮನಸ್ಸಾಗಿದೆಯೋ, ದೋಣಿಯಿಲ್ಲದ ಸ್ಥಿತಿ ಸಾಕಾಗಿದೆಯೋ ಎಂಬುದು ಕ್ವೈನನ ಪ್ರಶ್ನೆ. ರಿಚರ್ಡ್ ಮಾಂಟೆಗ್ಯೂ ಎಂಬ ತರ್ಕಜ್ಞ ಒಂಟಿಕೊಂಬಿನ ಕಾಲ್ಪನಿಕ ಕುದುರೆಯನ್ನು ಹುಡುಕುವವನ ವಾಕ್ಯವನ್ನು ಗಣಿತದ ಸೂತ್ರಗಳಲ್ಲಿ ಕಟ್ಟಿ ತೋರಿಸಿದ. ಲೋಕದಲ್ಲೇ ಇಲ್ಲದ ಪ್ರಾಣಿಯನ್ನು ಕಾಣಲಾಗದು, ಮುಟ್ಟಲಾಗದು, ಹುಡುಕಲು ಮಾತ್ರ ಅಡ್ಡಿಯಿಲ್ಲ. ‘ಹುಡುಕು’ ಬೇರೆ ಕ್ರಿಯಾಪದಗಳಿಂದ ಬೇರೆಯಾಗುವುದು ಇಲ್ಲಿಯೇ.

ಇದಕ್ಕೆ ಒಂಟಿಕೊಂಬಿನ ಕುದುರೆಯತನಕ ಹೋಗಬೇಕಾಗಿಲ್ಲ. ನಮ್ಮ ರಾಣೆಬೆನ್ನೂರಿನ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದದ್ದು, ಸುಮಾರು 119 ಚದರ ಕಿಲೋಮೀಟರಿನ ಕುರುಚಲು ಕಾಡು. ಕೃಷ್ಣಮೃಗಕ್ಕೆ ಹೆಸರಾದದ್ದಾದರೂ ಒಂದು ಕಾಲಕ್ಕೆ ಎರೆಭೂತವೂ ಇದ್ದ ಸೀಮೆ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಆ ದೊಡ್ಡ ಹಕ್ಕಿ ಈಗ ದೇಶದಲ್ಲೇ ಇನ್ನೂರರೊಳಗೆ ಇಳಿದಿದೆ. ಕ್ಯಾಮೆರಾ ಹೊತ್ತು ಬಂದವರು “ಎರೆಭೂತ ಹುಡುಕುತ್ತಿದ್ದೇವೆ” ಅಂದರೆ ಅಲ್ಲಿ ಒಂದಾದರೂ ಎರೆಭೂತ ಇದೆ ಎಂದು ಅರ್ಥವಲ್ಲ. ಇರದಿದ್ದರೂ ಅವರ ಮಾತು ಸುಳ್ಳಾಗುವುದಿಲ್ಲ. “ಎರೆಭೂತ ನೋಡಿದೆವು” ಅಂದರೆ ಮಾತ್ರ ಹಕ್ಕಿ ಇರಲೇಬೇಕು, ಅರಣ್ಯ ಇಲಾಖೆಯವರೂ ಓಡಿ ಬರುತ್ತಾರೆ.

ಇದೇ ಒಗಟಿಗೆ ಉತ್ತರ ಹುಡುಕಬೇಕಾಗಿ ಬಂದ ಭಾಷೆಯೊಂದಿದೆ, ಲೋಜ್‌ಬಾನ್ ಎಂದು ಅದರ ಹೆಸರು. ಹಿಂದೊಮ್ಮೆ ಈ ಅಂಕಣದಲ್ಲಿ ಅದರ ಹೆಸರೆತ್ತಿದ್ದಕ್ಕೆ ‘ಅದು ಯಾವ ದೇಶದ ಭಾಷೆ?’ ಎಂದು ಹಲವರು ಕೇಳಿದ್ದರು. ಯಾವ ದೇಶದ್ದೂ ಅಲ್ಲ. ಜೇಮ್ಸ್ ಕುಕ್ ಬ್ರೌನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1955ರಲ್ಲಿ ಲೋಗ್ಲಾನ್ ಎಂಬ ಭಾಷೆಯೊಂದನ್ನು ಕೂತು ಕಟ್ಟತೊಡಗಿದ. ಆಡುವ ಭಾಷೆ ಆಲೋಚನೆಯನ್ನು ತಿದ್ದುತ್ತದೆಯೇ ಎಂದು ಪರೀಕ್ಷಿಸುವುದು ಅವನ ಉದ್ದೇಶ. ಪೂರ್ತಿ ತರ್ಕದ ಮೇಲೆ ನಿಂತ ಭಾಷೆಯನ್ನು ಕಲಿತವರು ಬೇರೆ ಥರ ಯೋಚಿಸುತ್ತಾರೋ ನೋಡಬೇಕಿತ್ತು. (ಇದೇ ಬ್ರೌನ್, ಮಕ್ಕಳು ಕೂತು ಆಡುವ ‘ಕೆರಿಯರ್ಸ್’ ಎಂಬ ಪಗಡೆಯಂಥ ಆಟವನ್ನೂ ಕಂಡುಹಿಡಿದಿದ್ದ. ಭಾಷೆಗಿಂತ ಅದೇ ಹೆಚ್ಚು ಮನೆಗಳನ್ನು ಮುಟ್ಟಿರಬೇಕು.) ಆಮೇಲೆ ಪದಗಳ ಹಕ್ಕು ಯಾರದ್ದು ಎಂಬ ಜಗಳ ಹತ್ತಿಕೊಂಡು, ಬೇರೆಯಾದವರ ಗುಂಪು 1987ರ ಹೊತ್ತಿಗೆ ಅದೇ ತಳಹದಿಯ ಮೇಲೆ ಹೊಸ ಪದಗಳನ್ನು ಹೊಸೆದು ಅದಕ್ಕೆ ಲೋಜ್‌ಬಾನ್ ಎಂದು ಹೆಸರಿಟ್ಟಿತು. ತರ್ಕ, ಭಾಷೆ ಎಂಬ ಅದರದೇ ಎರಡು ಪದಗಳ ಕೂಡಿಕೆ ಅದು. ಸುಮಾರು 1,300 ಮೂಲಪದಗಳು, ಪ್ರತಿಯೊಂದಕ್ಕೂ ರೋಮನ್ ಲಿಪಿಯಲ್ಲಿ ಐದೇ ಅಕ್ಷರ. ಚೀನಿ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಈ ಆರು ಭಾಷೆಗಳ ಪದಗಳನ್ನು ಲೆಕ್ಕದ ಪ್ರಕಾರ ಬೆರೆಸಿ ಮಾಡಿದವು. ಜಾನ್ ಕೋವನ್ ಬರೆದ ಅದರ ಸಮಗ್ರ ವ್ಯಾಕರಣ 1997ರಲ್ಲಿ ಹೊರಬಂತು.

ಆ ಭಾಷೆಯ ಹೆಮ್ಮೆ ಏನೆಂದರೆ ವಾಕ್ಯರಚನೆಯಲ್ಲಿ ಎರಡರ್ಥಕ್ಕೆ ಎಡೆಯೇ ಇಲ್ಲ. ಕಂಪ್ಯೂಟರಿಗೆ ಕೊಟ್ಟರೆ ಪ್ರತಿ ವಾಕ್ಯವನ್ನೂ ಒಂದೇ ರೀತಿಯಲ್ಲಿ ಬಿಡಿಸಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ಭಾಷೆ ಎಡವಿದ್ದು ‘ಹುಡುಕು’ ಎಂಬ ಪುಟ್ಟ ಕ್ರಿಯಾಪದದ ಹತ್ತಿರ. ಲೋಜ್‌ಬಾನಿನಲ್ಲಿ ಪ್ರತಿ ಮೂಲಪದಕ್ಕೂ ಸಾಲಾಗಿ ಕುರ್ಚಿ ಹಾಕಿರುತ್ತಾರೆ. ಹುಡುಕುವ ಪದಕ್ಕಾದರೆ ಮೊದಲ ಕುರ್ಚಿಯಲ್ಲಿ ಯಾರು, ಎರಡನೆಯದರಲ್ಲಿ ಏನು, ಮೂರನೆಯದರಲ್ಲಿ ಯಾವುದರ ಪೈಕಿ ಎಂದು ನಿಘಂಟಿನಲ್ಲೇ ಗೊತ್ತು ಮಾಡಿರುತ್ತದೆ. ಹುಡುಕುವುದಕ್ಕೆ ‘ಸಿಸ್ಕು’ ಎಂಬ ಪದ. ಎರಡನೇ ಕುರ್ಚಿಯಲ್ಲಿ ಹುಡುಕುವ ವಸ್ತುವನ್ನೇ ಕೂರಿಸೋಣವೆಂದರೆ ತರ್ಕ ಕೈ ಕೊಡುತ್ತದೆ. ಆ ಭಾಷೆಯಲ್ಲಿ ‘ದಾ’ ಎಂಬ ಪದ ಗಣಿತದ x ಇದ್ದಂತೆ, ‘ಒಂದಿದೆ, ಅದು’ ಎಂದು ಅರ್ಥ. ‘ಮಿಕ್‌ಶೆ’ ಅಂದರೆ ವೈದ್ಯ. “ಮಿ ಸಿಸ್ಕು ದಾ ಪೊಯ್ ಮಿಕ್‌ಶೆ” ಎಂದು ಹೇಳಿದರೆ “ವೈದ್ಯರೊಬ್ಬರಿದ್ದಾರೆ, ನಾನು ಅವರನ್ನು ಹುಡುಕುತ್ತಿದ್ದೇನೆ” ಎಂದಾಗಿಬಿಡುತ್ತದೆ. ನಡುರಾತ್ರಿ ಮಗುವಿಗೆ ಜ್ವರ ಏರಿದಾಗ ಯಾರಾದರೊಬ್ಬ ಡಾಕ್ಟರ್ ಸಿಕ್ಕರೆ ಸಾಕು ಅನ್ನುವವನ ಮಾತು ಅದಲ್ಲ. ನೋಡುವುದು, ತಿನ್ನುವುದು, ಹೊಡೆಯುವುದು ಇವಕ್ಕೆಲ್ಲ ಈ ರಚನೆ ಸರಿಹೋಗುತ್ತದೆ. ಹುಡುಕುವುದಕ್ಕೆ ಹೋಗುವುದಿಲ್ಲ.

‘ಬೇಕು’ ಅನ್ನುವುದಕ್ಕೂ ಇದೇ ತೊಡಕಿತ್ತು, ಅದನ್ನು ಅವರು ಸುಲಭದಲ್ಲಿ ದಾಟಿದರು. ‘ಜಿಶಾ’ ಎಂಬ ಪದಕ್ಕೆ ವಸ್ತುವಿನ ಬದಲು ಒಂದು ಘಟನೆಯನ್ನು ಕೊಡಬೇಕೆಂದು ನಿಯಮ ಮಾಡಿದರು. ಸೇಬು ಬೇಕು ಎನ್ನುವಂತಿಲ್ಲ, ಸೇಬು ನನ್ನ ಕೈಗೆ ಬರುವುದು ಬೇಕು ಎನ್ನಬೇಕು. ಘಟನೆ ನಡೆಯದೆಯೂ ಇರಬಹುದಾದ್ದರಿಂದ ಸೇಬು ಇದ್ದೇ ತೀರಬೇಕೆಂಬ ಹಟವಿಲ್ಲ. ಹುಡುಕಾಟಕ್ಕೂ ಹೀಗೇ ಮಾಡಬಹುದಿತ್ತು: ಯತ್ನಿಸುವುದಕ್ಕೊಂದು ಪದ, ಕಂಡುಕೊಳ್ಳುವುದಕ್ಕೊಂದು ಪದ ಸೇರಿಸಿ “ಸಿಗುವಂತೆ ಯತ್ನಿಸುತ್ತಿದ್ದೇನೆ” ಅಂದರಾಯಿತು. ಕ್ವೈನ್ ಕೂಡ ಬೇಟೆಯಾಡುವ ಮಾತನ್ನು ಬಿಡಿಸಿದ್ದು ಹಾಗೆಯೇ. ಆದರೆ ಹುಡುಕುವವನು ಘಟನೆ ಹುಡುಕುತ್ತಾನೆ ಅನ್ನುವುದು ಯಾರ ಕಿವಿಗೂ ಹಿಡಿಸುವ ಮಾತಲ್ಲ.

ಅವರು ಕೊನೆಗೆ ತಲುಪಿದ ಪರಿಹಾರ ನನಗೆ ಬಹಳ ಇಷ್ಟ. ಎರಡನೇ ಕುರ್ಚಿಯಿಂದ ವಸ್ತುವನ್ನು ಎಬ್ಬಿಸಿ ಅಲ್ಲಿ ಗುಣವನ್ನು ಕೂರಿಸಿದರು. ಸಿಸ್ಕು ಅಂದರೆ ಇಂಥವರು, ಇಂಥ ಗುಣವನ್ನು, ಇಂಥವುಗಳ ಪೈಕಿ ಹುಡುಕುತ್ತಾರೆ. “ಮಿ ಸಿಸ್ಕು ಲೋ ಕಾ ಮಿಕ್‌ಶೆ” ಅಂದರೆ ‘ವೈದ್ಯನಾಗಿರುವಿಕೆ’ಯನ್ನು ಹುಡುಕುತ್ತಿದ್ದೇನೆ ಎಂದು. ‘ಕಾ’ ಎಂಬುದು ಗುಣದ ಗುರುತು. ಒತ್ತಿ ಹೇಳಬೇಕೆಂದಾಗ ನಡುವೆ ‘ಶೆಹು’ ಎಂಬ ಪದವನ್ನೂ ಹಾಕುತ್ತಾರೆ, ಅದು ಖಾಲಿ ಬಿಟ್ಟ ಜಾಗ. ಅರ್ಜಿ ಫಾರಂನಲ್ಲಿ ಹೆಸರಿನ ಮುಂದೆ ಗೆರೆ ಎಳೆದು ಬಿಟ್ಟಿರುತ್ತಾರಲ್ಲ, ಹಾಗೆ. ‘ಡ್ಯಾಶ್ ವೈದ್ಯ’ ಎಂಬಲ್ಲಿ ಡ್ಯಾಶ್ ಯಾರಾದರೂ ಆಗಲಿ, ಅದನ್ನು ತುಂಬಬಲ್ಲವರು ಸಿಕ್ಕರೆ ಹುಡುಕಾಟ ಮುಗಿಯಿತು. ಸಿಗದಿದ್ದರೂ ವಾಕ್ಯ ಕೆಡುವುದಿಲ್ಲ, ಯಾಕೆಂದರೆ ಗುಣ ಅಲ್ಲೇ ಇದೆ, ತುಂಬುವವರು ಇಲ್ಲ ಅಷ್ಟೇ. ಎರೆಭೂತದ ಕಥೆಯೂ ಬಗೆಹರಿಯಿತು.

ಗುಣವನ್ನು ಹುಡುಕುವುದು ಅಂದರೆ ಓದುವವರಿಗೆ ಯಾವುದೋ ವೇದಾಂತದಂತೆ ಕೇಳಬಹುದು. ಬ್ಯಾಡಗಿಯವರಿಗೆ ಹಾಗನ್ನಿಸಬೇಕಾಗಿಲ್ಲ. ಸುಗ್ಗಿಯಲ್ಲಿ ಒಂದು ಸೋಮವಾರವೋ ಗುರುವಾರವೋ ನಮ್ಮ ಎಪಿಎಂಸಿ ಯಾರ್ಡಿಗೆ ಬನ್ನಿ. ದಲಾಲಿ ಅಂಗಡಿಗಳ ಮುಂದೆ ಮೆಣಸಿನಕಾಯಿ ಚೀಲಗಳ ಸಾಲು, ಪ್ರತಿ ರೈತನ ಮಾಲಿಗೂ ಒಂದೊಂದು ಲಾಟ್ ನಂಬರು, ಗಾಳಿಯಲ್ಲೆಲ್ಲ ಘಾಟು. ಹೊಸಬರು ಸೀನುತ್ತಲೇ ಒಳಗೆ ಬರುತ್ತಾರೆ. ಖರೀದಿದಾರರು ಬೆಳಿಗ್ಗೆಯಿಂದ ಸಾಲು ಸಾಲು ನಡೆಯುತ್ತಾರೆ. ಒಬ್ಬ ಚೀಲದ ಬಾಯಿಗೆ ಕೈ ಹಾಕಿ, ಮೇಲಿನದನ್ನು ಸರಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾನೆ. ಒತ್ತಿ ಬಿಡುತ್ತಾನೆ, ತೇವ ಎಷ್ಟಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಸುಕ್ಕು ನೋಡುತ್ತಾನೆ, ಮುರಿದು ಒಳಗಿನ ಬಣ್ಣ ನೋಡುತ್ತಾನೆ, ಬೀಜ ಉದುರಿಸಿ ಮೂಸುತ್ತಾನೆ. ಬಿಳಿ ಕಲೆ ಕಂಡರೆ ಮಾತಿಲ್ಲದೆ ಮುಂದಿನ ಚೀಲಕ್ಕೆ. ಅವನು ಹುಡುಕುತ್ತಿರುವುದು ಯಾರ ಹೊಲದ ಕಾಯಿಯನ್ನೂ ಅಲ್ಲ. ಗಾಢ ಕೆಂಪು, ಕಡಿಮೆ ಖಾರ, ಒಳ್ಳೆಯ ಸುಕ್ಕು, ಹದವಾದ ತೇವ ಇಷ್ಟು ಒಂದೆಡೆ ಸೇರಿದ್ದು ಯಾವ ಲಾಟಿನಲ್ಲಿದ್ದರೂ ಅವನಿಗೆ ಅದೇ ಬೇಕು.

ಮಸಾಲೆ ಪುಡಿಯವರದ್ದು ಒಂದು ಪಟ್ಟಿ, ಬಣ್ಣ ತೆಗೆಯುವ ಕಾರ್ಖಾನೆಯವರದ್ದು ಇನ್ನೊಂದು ಪಟ್ಟಿ. ಮೆಣಸಿನಕಾಯಿಯ ಸತ್ವ ಹಿಂಡಿ ತೆಗೆದ ಓಲಿಯೋರೆಸಿನ್ ಎಂಬ ದ್ರವ ತಿಂಡಿ ತಿನಿಸಿನಿಂದ ಹಿಡಿದು ಲಿಪ್‌ಸ್ಟಿಕ್, ಉಗುರು ಬಣ್ಣದವರೆಗೆ ಹೋಗುತ್ತದೆ. ಅವರಿಗೆ ಬಣ್ಣವೇ ಮುಖ್ಯ, ಅದನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಲೋಜ್‌ಬಾನಿನಲ್ಲಿ ಕೆಂಪಿಗೆ ‘ಖುನ್ರೆ’ ಎಂಬ ಪದ. ಆ ಕಾರ್ಖಾನೆಯ ಏಜೆಂಟ್ ಲೋಜ್‌ಬಾನ್ ಕಲಿತಿದ್ದರೆ “ಮಿ ಸಿಸ್ಕು ಲೋ ಕಾ ಖುನ್ರೆ” ಅಂದು ಕೆಲಸ ಮುಗಿಸುತ್ತಿದ್ದ. ಕಲಿಯದಿದ್ದರೂ ಅವನು ಹೇಳುವುದು ಅದನ್ನೇ: “ಕೆಂಪಗಿರೂದು ನೋಡಾಕತ್ತೀನ್ರಿ.” ಈ ‘ಕೆಂಪಗಿರೂದು’ ಎಂಬುದನ್ನು ಸ್ವಲ್ಪ ಗಮನಿಸಿ. ಏನು ಕೆಂಪಗಿರುವುದು ಎಂದು ಅವನು ಹೇಳಿಯೇ ಇಲ್ಲ. ಜಾಗ ಖಾಲಿ ಬಿಟ್ಟಿದ್ದಾನೆ. ಲೋಜ್‌ಬಾನಿನವರು ‘ಶೆಹು’ ಎಂಬ ಪದ ಹುಟ್ಟಿಸಿ ಮಾಡಿದ ಕೆಲಸವನ್ನು ನಮ್ಮ ಕೃದಂತ ಬಾಲ ಬಿಟ್ಟುಕೊಂಡೇ ಮಾಡುತ್ತದೆ. ಮೂರನೇ ಕುರ್ಚಿಯೂ ಇಲ್ಲಿದೆ. ಯಾವುದರ ಪೈಕಿ ಎಂದರೆ ಇವತ್ತು ಯಾರ್ಡಿಗೆ ಬಂದ ಆವಕದ ಪೈಕಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ಈ ಗುಣಗಳ ಆಧಾರದ ಮೇಲೆಯೇ. ಕಡ್ಡಿ, ಡಬ್ಬಿ ಎಂಬ ಎರಡು ಬಗೆ ಅದರಲ್ಲಿ. ಡಬ್ಬಿ ಗಿಡ್ಡ, ದುಂಡನೆಯದು. ಕಡ್ಡಿ ಸಪೂರ, ಉದ್ದ.

ಟೆಂಡರ್ ಮುಗಿಯುತ್ತಲೇ ಆಟ ಬದಲಾಗುತ್ತದೆ. ಖರೀದಿದಾರ ಲಾಟ್ ನಂಬರಿಗೆ ದರ ಬರೆದು, ಆನ್‌ಲೈನಿನಲ್ಲಿ ಅವನ ದರವೇ ಹೆಚ್ಚೆಂದು ಘೋಷಣೆಯಾದ ಮೇಲೆ ಅವನ ಹಮಾಲರು ಚೀಲ ಎತ್ತಲು ಬರುತ್ತಾರೆ. “ಏನ್ ಹುಡುಕಾಕತ್ತೀರಿ?” ಎಂದರೆ ಈಗ ನಂಬರು ಹೇಳಿ “ಆ ಲಾಟನ್ನ” ಎನ್ನುತ್ತಾರೆ. ಪಕ್ಕದ ಚೀಲದಲ್ಲಿ ಅದಕ್ಕಿಂತ ಕೆಂಪಗಿನ ಕಾಯಿ ಇದ್ದರೂ ಅವರಿಗೆ ಸಂಬಂಧವಿಲ್ಲ. ಬೆಳಿಗ್ಗೆ ಗುಣವಾಗಿದ್ದದ್ದು ಮಧ್ಯಾಹ್ನಕ್ಕೆ ವಸ್ತುವಾಯಿತು, ನಾಲಿಗೆಯ ತುದಿಗೆ ‘ಅನ್ನ’ ತಾನಾಗಿ ಬಂತು.

ಇಲ್ಲಿ ಲೋಜ್‌ಬಾನ್ ಸ್ವಲ್ಪ ಪೇಚಿಗೆ ಬೀಳುತ್ತದೆ. ಗುಣವನ್ನೇ ಹುಡುಕಬೇಕೆಂದು ಕಾನೂನು ಮಾಡಿದ ಮೇಲೆ ಒಂದೇ ಒಂದು ವಸ್ತುವನ್ನು ಹುಡುಕುವುದು ಹೇಗೆ? ಅದಕ್ಕವರು ಹೇಳುವ ದಾರಿ ‘ದು’ ಎಂಬ ಪದ. ದು ಅಂದರೆ ‘ಅದೇ ಆಗಿರುವುದು’. ಕಳೆದುಹೋದ ಎತ್ತಿನವನು “ನನ್ನ ಎತ್ತೇ ಆಗಿರುವಿಕೆ ಎಂಬ ಗುಣವನ್ನು ಹುಡುಕುತ್ತಿದ್ದೇನೆ” ಎನ್ನಬೇಕು. ತರ್ಕಕ್ಕೆ ಇದರಲ್ಲಿ ಕೊರೆಯಿಲ್ಲ, ಆ ಗುಣ ಲೋಕದಲ್ಲಿ ಒಂದೇ ಎತ್ತಿಗೆ ಇರುವುದು. ಆದರೆ ಕತ್ತಲಾಗುತ್ತಿರುವಾಗ ಕಂದೀಲು ಹಿಡಿದು ಹೊರಟವನ ಬಾಯಲ್ಲಿ ಈ ಮಾತನ್ನು ಊಹಿಸಿಕೊಳ್ಳಿ. ಲೋಜ್‌ಬಾನ್ ಆಡುವವರಿಗೇ ಇದು ಭಾರವೆನಿಸಿ, ವಸ್ತುವನ್ನೇ ನೇರವಾಗಿ ಹಿಡಿಯುವ ‘ಬುಸ್ಕಾ’ ಎಂಬ ಇನ್ನೊಂದು ಪದವನ್ನು ಪ್ರಯೋಗಕ್ಕೆಂದು ಹುಟ್ಟಿಸಿಕೊಂಡರು. ಒಂದು ಪದದಲ್ಲಿ ಎರಡು ಹುಡುಕಾಟ ಹಿಡಿಯದೆ ಎರಡು ಪದ ಬೇಕಾಯಿತು. ನಾವು ಅದನ್ನು ಒಂದೇ ಪದದಲ್ಲಿಟ್ಟು ಬಾಲದಿಂದ ತೂಗಿಸುತ್ತಿದ್ದೇವೆ.

ಗುಣ ಮತ್ತು ವಸ್ತುವಿನ ನಡುವಿನ ಗೆರೆ ಎಷ್ಟು ತೆಳು ಎಂದು ನೋಡಬೇಕಾದರೆ ದಿನಪತ್ರಿಕೆಯ ಒಳಪುಟಕ್ಕಿಂತ ಒಳ್ಳೆಯ ಜಾಗವಿಲ್ಲ. ಪೊಲೀಸ್ ಠಾಣೆಯ ಪ್ರಕಟಣೆ: ಕಾಣೆಯಾಗಿದ್ದಾರೆ, ಎತ್ತರ ಇಷ್ಟು ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಕನ್ನಡ ಮಾತನಾಡುತ್ತಾರೆ. ಭಾನುವಾರದ ವಧೂವರರ ಅಂಕಣ: ವಧು ಬೇಕಾಗಿದೆ, ಎತ್ತರ ಇಷ್ಟು ಅಡಿ, ಗೋಧಿ ಬಣ್ಣ, ಪದವೀಧರೆ, ಕನ್ನಡದವರಾದರೆ ಒಳ್ಳೆಯದು. ಪಟ್ಟಿ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದಕ್ಕೆ ಪಟ್ಟಿಗೆ ಹೊಂದುವವರು ಯಾರು ಬಂದರೂ ಮಾತುಕತೆಗೆ ಕೂರುತ್ತಾರೆ. ಮೊದಲನೆಯದಕ್ಕೆ ಪಟ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಇನ್ನೊಬ್ಬರನ್ನು ಕರೆದುಕೊಂಡು ಹೋದರೆ ಆ ಮನೆಯವರ ಸಂಕಟ ಇನ್ನಷ್ಟು ಹೆಚ್ಚುತ್ತದೆ. ಅಷ್ಟೇ ಅಲ್ಲ, ಕಾಣೆಯಾದವರು ತಲೆ ಬೋಳಿಸಿಕೊಂಡು, ಸೊರಗಿ, ಪಟ್ಟಿಯ ಒಂದು ಲಕ್ಷಣವೂ ಉಳಿಯದಂತೆ ಸಿಕ್ಕರೂ ಹುಡುಕಾಟ ಮುಗಿದಂತೆಯೇ. ಅಲ್ಲಿ ಗುಣಗಳು ಬರೀ ಕೈಮರ. ವಧುವಿನ ಜಾಹೀರಾತಿನಲ್ಲಿ ಗುಣಗಳೇ ಊರು.

ಇದನ್ನೆಲ್ಲ ಕನ್ನಡಕ್ಕೆ ಹೊಂದಿಸಿ ಶಾಸ್ತ್ರೀಯವಾಗಿ ನೋಡಿದವರಿದ್ದಾರೆ. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಕನ್ನಡದ ದ್ವಿತೀಯಾ ವಿಭಕ್ತಿಯ ಮೇಲೆಯೇ ಒಂದು ದೀರ್ಘ ಪ್ರಬಂಧ ಬರೆದರು, ‘ಲ್ಯಾಂಗ್ವೇಜ್’ ಎಂಬ ವಿದ್ವತ್ ಪತ್ರಿಕೆಯಲ್ಲಿ 2006ರಲ್ಲಿ ಬಂತು. ಅದರ ಪ್ರಕಾರ, ಪ್ರತ್ಯಯವಿದ್ದರೆ ನಿರ್ದಿಷ್ಟ, ಇಲ್ಲದಿದ್ದರೆ ಅನಿರ್ದಿಷ್ಟ ಎಂಬ ಸರಳ ಸಮೀಕರಣ ಪೂರ್ತಿ ನಿಲ್ಲುವುದಿಲ್ಲ. ತಕ್ಕಡಿಯ ಎರಡು ತಟ್ಟೆ ಸಮನಾಗಿಲ್ಲ. ‘ಅನ್ನು’ ಇಲ್ಲದಿದ್ದರೆ ‘ಯಾವುದಾದರೂ’ ಎಂಬ ಒಂದೇ ಅರ್ಥ. ‘ಅನ್ನು’ ಇದ್ದರೆ ನಿರ್ದಿಷ್ಟವೂ ಆಗಬಹುದು, ಸಂದರ್ಭ ಕೂಡಿಬಂದರೆ ಅನಿರ್ದಿಷ್ಟವೂ ಆಗಬಹುದು. “ಒಳ್ಳೆಯ ಕೆಲಸವನ್ನು ಹುಡುಕುತ್ತಿದ್ದೇನೆ” ಅಂದವನ ಕಣ್ಣು ಒಂದು ನಿರ್ದಿಷ್ಟ ಹುದ್ದೆಯ ಮೇಲೆ ಇರಬೇಕೆಂದಿಲ್ಲವಲ್ಲ. ಇನ್ನೊಂದು: ಪ್ರತ್ಯಯವಿಲ್ಲದ ಕರ್ಮಪದ ಕ್ರಿಯಾಪದಕ್ಕೆ ಅಂಟಿಕೊಂಡೇ ಇರಲು ಬಯಸುತ್ತದೆ. “ಪುಸ್ತಕವನ್ನು ನಾನು ನಿನ್ನೆಯಿಂದ ಹುಡುಕುತ್ತಿದ್ದೇನೆ” ಅನ್ನಲು ತೊಂದರೆಯಿಲ್ಲ. ‘ಅನ್ನು’ ತೆಗೆದು “ಪುಸ್ತಕ ನಾನು ನಿನ್ನೆಯಿಂದ ಹುಡುಕುತ್ತಿದ್ದೇನೆ” ಅಂದರೆ ಎಲ್ಲೋ ಕಲ್ಲು ಕಡಿದಂತಾಗುತ್ತದೆ. ‘ಮನೆ ಹುಡುಕು’, ‘ಕೆಲಸ ಹುಡುಕು’ ಎಂಬವು ಎರಡು ಪದವಾಗಿ ಉಳಿಯದೆ ಒಂದೇ ಕೆಲಸದ ಹೆಸರಾಗಿಬಿಟ್ಟಿವೆ.

ಈಗ ನನ್ನ ತಕರಾರು. ಆಡುಮಾತಿನಲ್ಲಿ ಇಷ್ಟು ಚೆಂದವಾಗಿ ಉಳಿದ ವ್ಯತ್ಯಾಸವನ್ನು ನಾವು ಬರವಣಿಗೆಯಲ್ಲಿ ಕೈಯಾರೆ ಅಳಿಸುತ್ತಿದ್ದೇವೆ. ಶಾಲೆಯಲ್ಲಿ ‘ರಾಮನು ಮರವನ್ನು ಕಡಿದನು’ ಎಂಬ ಮಾದರಿ ತಲೆಗೆ ಹೊಕ್ಕ ಮೇಲೆ ಕರ್ಮಪದ ಕಂಡಲ್ಲೆಲ್ಲ ‘ಅನ್ನು’ ಹಚ್ಚುವುದೇ ಶುದ್ಧ ಕನ್ನಡ ಎಂದಾಯಿತು. “ಯುವಕರು ಉದ್ಯೋಗವನ್ನು ಹುಡುಕಿಕೊಂಡು ನಗರಗಳಿಗೆ ಹೋಗುತ್ತಿದ್ದಾರೆ” ಎಂದು ಬರೆಯುತ್ತೇವೆ. ಯಾರೂ ಹಾಗೆ ಮಾತಾಡುವುದಿಲ್ಲ. ಶೀರ್ಷಿಕೆಗಳಲ್ಲಿ ‘ಗಾಗಿ’ ಎಂಬ ಇನ್ನೊಂದು ಮುಲಾಮು ಇದೆ. ‘ಕಳ್ಳನಿಗಾಗಿ ಪೊಲೀಸರ ಹುಡುಕಾಟ’ ಎಂಬ ಶೀರ್ಷಿಕೆ ಓದಿ ಹೇಳಿ, ಕಳ್ಳ ಯಾರೆಂದು ಪೊಲೀಸರಿಗೆ ಗೊತ್ತಾಗಿದೆಯೇ, ಇಲ್ಲವೇ? ಇಂಥವನೇ ಎಂದು ಪತ್ತೆಯಾಗಿ ಅವನು ತಲೆಮರೆಸಿಕೊಂಡಿದ್ದರೂ ಇದೇ ಶೀರ್ಷಿಕೆ, ಕದ್ದವರು ಯಾರೋ ಏನೋ ಅನ್ನುವ ಹಂತದಲ್ಲೂ ಇದೇ ಶೀರ್ಷಿಕೆ. ಕಳ್ಳತನವಾದ ಮನೆಯವರಿಗೆ ಈ ಎರಡರ ನಡುವೆ ಅಜಗಜಾಂತರವಿದೆ. ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಕೊಡುವ ಕಿರಿಯರಿಗೆ ನಾನು ಹೇಳುವುದಿಷ್ಟೇ: ಗೊತ್ತಾಗಿದ್ದರೆ ‘ಆರೋಪಿ ಪರಾರಿ, ಶೋಧ’ ಎನ್ನಿ, ಇಲ್ಲದಿದ್ದರೆ ‘ಕಳ್ಳ ಯಾರೆಂಬುದು ಪತ್ತೆಯಾಗಿಲ್ಲ’ ಎನ್ನಿ.

ಮೇಷ್ಟ್ರುಗಳಿಗೂ ಒಂದು ವಿನಂತಿ. ಹುಡುಗನೊಬ್ಬ “ನಾನು ಪೆನ್ನು ಹುಡುಕುತ್ತಿದ್ದೇನೆ” ಎಂದು ಬರೆದರೆ ಕೆಂಪು ಗೆರೆ ಎಳೆಯುವ ಮೊದಲು ಯಾವ ಪೆನ್ನು ಎಂದು ಕೇಳಿ. “ಯಾವ್ದಾದ್ರೂ ನಡೀತೈತ್ರಿ ಸರ್” ಅಂದರೆ ಪೂರ್ತಿ ಅಂಕ ಕೊಡಿ. “ನಮ್ಮಪ್ಪ ಕೊಡಿಸಿದ್ದು” ಅಂದರೆ ಮಾತ್ರ ಗೆರೆ ಎಳೆಯಿರಿ, ಪಕ್ಕದಲ್ಲಿ ‘ಅನ್ನು’ ಬರೆಯಿರಿ. ಹೀಗೆ ಕಲಿಸಿದರೆ ವಿಭಕ್ತಿ ಎಂಬುದು ಬಾಯಿಪಾಠದ ಕೋಷ್ಟಕವಲ್ಲ ಎಂದಾದರೂ ಮಕ್ಕಳಿಗೆ ಗೊತ್ತಾದೀತು.

ಇಷ್ಟಾದರೂ ಒಂದು ಮೂಲೆ ಇನ್ನೂ ಬಾಕಿ. ಜೀವ ಇರುವವುಗಳ, ಅದರಲ್ಲೂ ಮನುಷ್ಯರ ಹೆಸರು ಬಂದಾಗ ಕನ್ನಡ ಸುಲಭಕ್ಕೆ ‘ಅನ್ನು’ ಬಿಡುವುದಿಲ್ಲ. ಪುಸ್ತಕ ನೋಡಿದೆ ಅನ್ನಬಹುದು, ಹುಡುಗ ನೋಡಿದೆ ಅಂದರೆ ನೋಡಿದವನು ಹುಡುಗನೇ ಅನ್ನಿಸಿಬಿಡುತ್ತದೆ. ಹಾಗಿದ್ದರೂ ‘ಹುಡುಕು’ ಮುಂದೆ ಈ ಕಟ್ಟು ಸಡಿಲವಾಗುತ್ತದೆ. ಗಂಡು ಹುಡುಕುತ್ತಾರೆ, ಹೆಣ್ಣು ಹುಡುಕುತ್ತಾರೆ, ಆಳು ಹುಡುಕುತ್ತಾರೆ. ಇವೆಲ್ಲ ಮನುಷ್ಯರ ಹೆಸರಾದರೂ ಅಲ್ಲಿ ಬೇಕಾಗಿರುವುದು ಮನುಷ್ಯನಲ್ಲ, ಒಂದು ಸ್ಥಾನ ತುಂಬುವವರು. ಲೋಜ್‌ಬಾನಿನ ಖಾಲಿ ಜಾಗ ಇಲ್ಲೂ ಇದೆ. ನಿಶ್ಚಿತಾರ್ಥವಾದ ಮೇಲೆ ಅದೇ ಗಂಡು ಛತ್ರದಲ್ಲಿ ಕಾಣದಿದ್ದರೆ ‘ಗಂಡನ್ನ ಹುಡುಕ್ರಿ’ ಎಂದು ಕೂಗುತ್ತಾರೆ. ಈ ಸಾಲಿಗೆ ಹೊಸದಾಗಿ ಸೇರುವ ಪದಗಳನ್ನು ಗಮನಿಸುವುದು ನನಗೊಂದು ಚಟ. ಟ್ರ್ಯಾಕ್ಟರ್ ಇಟ್ಟವರು “ಡ್ರೈವರ್ ಹುಡುಕಾಕತ್ತೀನಿ” ಅನ್ನುವುದು ಈಗ ಮಾಮೂಲು. “ಡಾಕ್ಟರ್ ಹುಡುಕಾಕತ್ತೀವಿ” ಎಂದು ಆಸ್ಪತ್ರೆ ನಡೆಸುವವರು ಹೇಳುತ್ತಾರೆ, ರೋಗಿಯ ಕಡೆಯವರು ಹೇಳುವುದಿಲ್ಲ, ಅವರದು “ಡಾಕ್ಟರ್‌ನ್ನ”. “ಅಳಿಯ ಹುಡುಕಾಕತ್ತೀವಿ” ಅಂದವರನ್ನೂ ಮೋಟೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ. “ಅಪ್ಪ ಹುಡುಕಾಕತ್ತೀನಿ” ಅಂದವರನ್ನು ಇನ್ನೂ ಕೇಳಿಲ್ಲ.